ಚಪ್ಪಾಳೆಗಿಂತ ಮೊದಲು ಸಂಬಳ

ಐಪಿಎಲ್ ಬಂದರೆ ನಮ್ಮ ಬಂಡ್ರಿಯ ಹೋಟೆಲ್‌ಗಳಲ್ಲೂ ಚಿಯರ್ ಗರ್ಲ್ಸ್ ಬಗ್ಗೆ ಕೀಟಲೆ ಮಾತು ಶುರು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಪಂದ್ಯಕ್ಕೆ ಕುಣಿದವರು ಅಮೆರಿಕದ ಫುಟ್‌ಬಾಲ್ ತಂಡ ವಾಷಿಂಗ್ಟನ್ ರೆಡ್‌ಸ್ಕಿನ್ಸ್‌ನ ಚಿಯರ್‌ಲೀಡರ್‌ಗಳು. ಅಲ್ಲಿ ಇವರ ಕೆಲಸ ಕುಣಿತಕ್ಕೇ ಮುಗಿಯುವುದಿಲ್ಲ. ಆಸ್ಪತ್ರೆಗೆ ಹೋಗಿ ಮಕ್ಕಳನ್ನು ನಗಿಸುತ್ತಾರೆ. ಡಲ್ಲಾಸ್ ಕೌಬಾಯ್ಸ್ ತಂಡದವರು 1979ರಲ್ಲೇ ದಕ್ಷಿಣ ಕೊರಿಯಾದಲ್ಲಿದ್ದ ಸೈನಿಕರನ್ನು ರಂಜಿಸಲು ಹೋಗಿದ್ದರು.

ಸೇವೆ ಸರಿ, ಕೂಲಿ? 2014ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಚಿಯರ್‌ಲೀಡರ್‌ಗಳು ಕೋರ್ಟ್ ಮೆಟ್ಟಿಲೇರಿದರು. ಪಂದ್ಯಕ್ಕೆ 125 ಡಾಲರ್ ಬಿಟ್ಟರೆ ಅಭ್ಯಾಸಕ್ಕೆ, ದತ್ತಿ ಕಾರ್ಯಕ್ರಮಗಳಿಗೆ ಬಿಡಿಗಾಸಿಲ್ಲ ಎಂಬುದು ಅವರ ದೂರು. ಮರುವರ್ಷ ಕ್ಯಾಲಿಫೋರ್ನಿಯಾ ಅವರನ್ನು ಉದ್ಯೋಗಿಗಳೆಂದು ಒಪ್ಪಿ ಕಾನೂನು ಮಾಡಿತು.

ಎನ್‌ಎಸ್‌ಎಸ್ ಶಿಬಿರದಲ್ಲಿ ನಾನೂ ಪೊರಕೆ ಹಿಡಿದಿದ್ದೇನೆ. ಅದು ಏಳು ದಿನದ ಖುಷಿ. ಆದರೆ ನಮ್ಮೂರಿನ ಆಶಾ ಅಕ್ಕಂದಿರು ವರ್ಷವಿಡೀ ಮನೆಮನೆ ತಿರುಗುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಅವರೂ ಸ್ವಯಂಸೇವಕಿಯರೇ. ಸಿಗುವುದು ಸಂಬಳವಲ್ಲ, ಗೌರವಧನ.

ಮನಸ್ಸಿಂದ ಮಾಡಿದ್ದು ಸೇವೆ. ತಪ್ಪಿಸಿಕೊಳ್ಳಲಾಗದಂತೆ ಮಾಡಿಸಿಕೊಂಡದ್ದು ದುಡಿಮೆ. ಮೈದಾನದ ಅಂಚಿನಲ್ಲಿ ಕುಣಿಯುವವಳಿಗೂ, ರಿಜಿಸ್ಟರ್ ಹಿಡಿದು ಓಣಿ ಸುತ್ತುವವಳಿಗೂ ಚಪ್ಪಾಳೆಗಿಂತ ಮೊದಲು ಸಂಬಳ ಸಿಗಲಿ. ಗೆಳೆಯರೇ, ಕೀಟಲೆ ಆಮೇಲೆ ಮಾಡೋಣ.