ಬೆವರು ಕನ್ನಡದ್ದು, ಮುಚ್ಚಳಿಕೆ ಇಂಗ್ಲಿಷಿನದ್ದು!

ಕನ್ನಡದ ಹುಡುಗರೇ, ಹುಡುಗಿಯರೇ, ನಿಮ್ಮಲ್ಲಿ ಎಷ್ಟು ಜನ ಭಾನುವಾರ ಬೆಳಗ್ಗೆ ಎದೆಗೆ ನಂಬರ್ ಚೀಟಿ ಸಿಕ್ಕಿಸಿಕೊಂಡು ಬೆಂಗಳೂರಿನ ರಸ್ತೆಯಲ್ಲಿ ಓಡಿದ್ದೀರಿ? ಓಡಿದ್ದರೆ ಒಂದು ಮಾತು ಹೇಳಿ. ಓಟಕ್ಕೆ ಮುಂಚೆ ನೀವು ಸಹಿ ಹಾಕಿದ ಮುಚ್ಚಳಿಕೆಯಲ್ಲಿ ಏನು ಬರೆದಿತ್ತು?

ಗೊತ್ತಿಲ್ಲ, ಅಲ್ಲವೇ? ನನಗೂ ಗೊತ್ತಿರಲಿಲ್ಲ. ರಾಮನಗರದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು ನಾನು. ದಿನ ಬೆಳಗಾದರೆ ಅಕ್ಷರ ನೋಡುವುದೇ ಕಸುಬು. ಅಂಥವನೇ ಓದದೆ ಸಹಿ ಹಾಕಿದೆ!

ಎರಡು ವರ್ಷದ ಹಿಂದೆ ಡಾಕ್ಟರು, ಸಕ್ಕರೆ ಅಂಚಿಗೆ ಬಂದು ನಿಂತಿದೆ, ಮೊದಲು ನಡೆಯಿರಿ ಅಂದರು. ನಡೆದೆ. ಆಮೇಲೆ ಓಡಿದೆ. ರಾಮದೇವರ ಬೆಟ್ಟದ ಬುಡದವರೆಗೆ ಓಡಿ ಬರುವುದು ಅಭ್ಯಾಸವಾಯಿತು. ಧೈರ್ಯ ಬಂದು ಬೆಂಗಳೂರಿನ ಒಂದು ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟೆ. ನಾನೊಬ್ಬನೇ ಹೋಗಿ ಬರುತ್ತೇನೆ ಅಂದರೆ ಮನೆಯಲ್ಲಿ ಬಿಡುತ್ತಾರೆಯೇ? ಅವ್ವ, ಹೆಂಡತಿ, ಮಗಳು, ಮಗ ಎಲ್ಲರೂ ಶನಿವಾರವೇ ರೈಲು ಹತ್ತಿದೆವು. ಮಾಗಡಿ ರಸ್ತೆಯ ತಂಗಿ ಮನೆಯಲ್ಲಿ ಠಿಕಾಣಿ. ಲಾಲ್‌ಬಾಗ್ ಆಯಿತು, ಮೆಟ್ರೋ ಆಯಿತು, ಮಸಾಲೆ ದೋಸೆ ಆಯಿತು. ಸಂಜೆ ಎಲ್ಲರನ್ನೂ ಕಟ್ಟಿಕೊಂಡು ನಂಬರ್ ಚೀಟಿ ತರಲು ಹೋದೆ. ಅದಕ್ಕೆ ಬಿಬ್ ಅಂತಾರೆ.

ಮೇಜಿನ ಹಿಂದಿದ್ದ ಹುಡುಗ ಇಂಗ್ಲಿಷಲ್ಲಿ ಮಾತಾಡಿದ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಗೆ ಹೊರಳಿದ. ಊರು ರಾಮನಗರ ಅಂದೆ. 'ಓ, ಔಟ್‌ಸ್ಟೇಷನ್' ಅಂದ. ನೋಡಿ ಸ್ವಾಮಿ ತಮಾಷೆ! 2025ರಲ್ಲಿ ಸರ್ಕಾರ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲವೂ ಕಾಗದದ ಮೇಲೆ ಬೆಂಗಳೂರೇ. ಆ ಮೇಜಿನ ಮುಂದೆ ಮಾತ್ರ ನಾನು ಪರಊರಿನವನು. ಹುಡುಗ ಒಂದು ಹಾಳೆ ಮುಂದೆ ತಳ್ಳಿ ಬೆರಳಿಟ್ಟು ತೋರಿಸಿದ. ಹಿಂದೆ ಉದ್ದಕ್ಕೆ ಸಾಲು ನಿಂತಿತ್ತು. ಸಹಿ ಹಾಕಿದೆ.

ಆ ಹಾಳೆಯ ಪ್ರತಿ ಚೀಲದಲ್ಲೇ ಬಂದಿತ್ತು. ರಾತ್ರಿ ಊಟವಾದ ಮೇಲೆ ಮಗಳು ಅದನ್ನು ಓದಿ ಅವ್ವನಿಗೆ ಕನ್ನಡದಲ್ಲಿ ಹೇಳಿದಳು. ನನ್ನ ಆರೋಗ್ಯ ಸರಿಯಾಗಿದೆಯೆಂದು ನಾನೇ ಪ್ರಮಾಣ ಮಾಡಿದ್ದೇನೆ, ಗಾಯವಾಗಲಿ ಪ್ರಾಣವೇ ಹೋಗಲಿ ನಡೆಸುವವರು ಹೊಣೆಯಲ್ಲ, ನನ್ನ ವಾರಸುದಾರರೂ ಕೇಳುವಂತಿಲ್ಲ! ಅವ್ವ ಎಲೆ ಅಡಿಕೆ ನಿಲ್ಲಿಸಿ ನನ್ನ ಮುಖ ನೋಡಿದಳು. 'ಅಂಗಾದ್ರೆ ನೀನ್ ಸತ್ರೆ ನಾವು ಕೇಳೋ ಅಂಗೂ ಇಲ್ವೇನ್ಲಾ? ಅದ್ಕೆ ದುಡ್ಡು ಬೇರೆ ಕಟ್ಟಿದ್ದೀಯಾ?'

ಇಂಥ ಷರತ್ತು ಓಟದವರೆಲ್ಲ ಹಾಕುತ್ತಾರೆ, ಅದರ ಮೇಲೆ ನನ್ನ ತಕರಾರಿಲ್ಲ. ಪ್ರಾಣದ ವಿಚಾರಕ್ಕೆ ಸಹಿ ಹಾಕಿಸಿಕೊಳ್ಳುವವರು ಅದನ್ನು ನನ್ನ ಭಾಷೆಯಲ್ಲಿ ಹೇಳಬೇಕಿತ್ತು, ಅಷ್ಟೇ. ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿಯಿದೆ. ಅವರು 1537ರಲ್ಲಿ ಕಟ್ಟಿದ ಊರಿನಲ್ಲಿ ಅದೇ ಮಾಗಡಿಯ ಹುಡುಗ ಓದಲಾಗದ ಕಾಗದಕ್ಕೆ ರುಜು ಹಾಕಿ ಓಡಬೇಕು!

ಇನ್ನು ದೂರದ ಲೆಕ್ಕ. ಪೂರ್ತಿ ಮ್ಯಾರಥಾನ್ 42.195 ಕಿ.ಮೀ., ನಮ್ಮದು ಅದರಲ್ಲಿ ಅರ್ಧ. ಈ ಬಾಲಂಗೋಚಿ ಎಲ್ಲಿಂದ ಬಂತು ಗೊತ್ತೇ? 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಮುಂದೆ ಮುಗಿಸಿದರು. ಆ ದೂರವೇ 1921ರಲ್ಲಿ ಲೋಕಕ್ಕೆಲ್ಲ ಖಾಯಂ ಆಯಿತು. ಆಯಿತಪ್ಪ, ದೂರ ಇಂಗ್ಲಿಷರದ್ದೇ ಇರಲಿ. ನೀರು ಕೊಡುವವರ ಮಾತೂ ಇಂಗ್ಲಿಷೇ ಆಗಬೇಕೇ?

ಭಾನುವಾರ ಕತ್ತಲಲ್ಲೇ ಭಾವ ಸ್ಕೂಟರಿನಲ್ಲಿ ಬಿಟ್ಟ. ಮೊದಲ ಹತ್ತು ಕಿಲೋಮೀಟರ್ ಹಬ್ಬದಂತೆ ಹೋಯಿತು. 17ರ ಹತ್ತಿರ ಕಬ್ಬನ್ ಪಾರ್ಕಿನ ಮಗ್ಗುಲಿನ ಫುಟ್‌ಪಾತಿನಲ್ಲಿ ಒಬ್ಬ ಕೂತಿದ್ದ. ನನ್ನದೇ ವಯಸ್ಸು. ಮೈಯೆಲ್ಲ ತಣ್ಣನೆ ಬೆವರು, ಕೈ ನಡುಗುತ್ತಿತ್ತು, ಕಣ್ಣು ಎಲ್ಲೋ ಇತ್ತು. ವೈದ್ಯಕೀಯ ತಂಡದ ಹುಡುಗಿಯೊಬ್ಬಳು ಮಂಡಿಯೂರಿ ಇಂಗ್ಲಿಷಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಎಲ್ಲದಕ್ಕೂ ಅವನು 'ಹ್ಞೂಂ, ಹ್ಞೂಂ' ಅನ್ನುತ್ತಿದ್ದ. ಶುಗರ್ ಇದೆಯಾ, ಹ್ಞೂಂ. ಇಲ್ಲವಾ, ಹ್ಞೂಂ. ನೀರು ಜಾಸ್ತಿ ಕುಡಿದೆಯಾ, ಅದಕ್ಕೂ ಹ್ಞೂಂ.

ಆ ಪ್ರಶ್ನೆಗಳು ಎಷ್ಟು ಮುಖ್ಯ ಅಂತ ಆಮೇಲೆ ನಮ್ಮ ಡಾಕ್ಟರು ಬಿಡಿಸಿ ಹೇಳಿದರು. ನೀರು ಸಾಲದೆ ಬಿದ್ದವನೂ ತೂಕಡಿಸುತ್ತಾನೆ, ನೀರು ಅತಿಯಾಗಿ ಕುಡಿದು ರಕ್ತದಲ್ಲಿ ಉಪ್ಪಿನಂಶ ಇಳಿದವನೂ ತೂಕಡಿಸುತ್ತಾನೆ. ಮೊದಲನೆಯವನಿಗೆ ನೀರು ಬೇಕು. ಎರಡನೆಯವನಿಗೆ ಇನ್ನಷ್ಟು ನೀರು ಕುಡಿಸಿದರೆ ಪ್ರಾಣಕ್ಕೇ ಸಂಚಕಾರ. ಸಕ್ಕರೆ ಇಳಿದವನದು ಬೇರೆಯದೇ ಕಥೆ. ಹೊರಗಿನಿಂದ ನೋಡಿದರೆ ಮೂವರೂ ಒಂದೇ ಥರ ಕಾಣಬಹುದು. ಬಾಯಿಬಿಟ್ಟು ಕೇಳಿದರೆ ಬೇಗ ಗೊತ್ತಾಗುತ್ತದೆ.

ನಾನು ನಿಂತೆ. 'ಯಾವೂರಣ್ಣ?' ಅಂದೆ. 'ಕನಕಪುರದ ಕಡೆ' ಅಂದ. ಸಕ್ಕರೆ ಕಾಯಿಲೆ ಐತಾ ಅಂದೆ. ಐತೆ. ಬೆಳಗ್ಗೆ ಮಾತ್ರೆ ನುಂಗಿದ್ಯಾ? ನುಂಗಿದೆ. ಏನಾದ್ರೂ ತಿಂದ್ಯಾ? 'ಇಲ್ಲ ಕಣಣ್ಣ, ಓಡೋಕೆ ಮುಂಚೆ ತಿನ್ನಬಾರದು ಅಂದ್ರು.' ಅಷ್ಟೇ ಸಾಕಾಯಿತು. ಹುಡುಗಿ ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಗ್ಲೂಕೋಸ್ ಕುಡಿಸಿದಳು, ಬಿಸ್ಕತ್ತು ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವನ ಕಣ್ಣಿಗೆ ಬೆಳಕು ಬಂತು. ಯಾವುದೋ ಕಂಪನಿಯ ಸೆಕ್ಯುರಿಟಿ ಗಾರ್ಡಂತೆ, ಕಂಪನಿಯವರೇ ಹೆಸರು ಕೊಟ್ಟಿದ್ದರಂತೆ. ಅವನೂ ಅದೇ ಮುಚ್ಚಳಿಕೆಗೆ ಸಹಿ ಹಾಕಿದ್ದ.

ಆ ಹುಡುಗಿಯನ್ನು ನಾನು ಬೈಯುವುದಿಲ್ಲ. ಹೊರ ರಾಜ್ಯದಿಂದ ಓದಲು ಬಂದವಳು, ಪಾಪ, ಅವಳ ಕೈಲಿ ಆದದ್ದೆಲ್ಲ ಮಾಡಿದಳು. ನಾನು ಹೊರಟಾಗ ನಿಲ್ಲಿಸಿ, 'ಆರ್ ಯು ಡಯಾಬಿಟಿಕ್' ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಅದು ಮೊದಲೇ ಅಚ್ಚಾಗಿ ಅವಳ ಜೇಬಿನಲ್ಲಿ ಇರಬೇಕಾಗಿತ್ತು. ನಡೆಸುವವರಿಗೆ ಹೊಳೆಯಲಿಲ್ಲ.

ಇದು ಅಂತಾರಾಷ್ಟ್ರೀಯ ಓಟ, ವಿದೇಶದವರು ಬರುತ್ತಾರೆ ಅನ್ನುತ್ತಾರೆ. ಟೋಕಿಯೋ ಮ್ಯಾರಥಾನಿಗೆ ಬರುವುದಿಲ್ಲವೇ? ಅಲ್ಲಿ ಜಪಾನಿ ಭಾಷೆಯೂ ಇದೆ, ಇಂಗ್ಲಿಷೂ ಇದೆ. ಇನ್ನು ಖರ್ಚು ಅನ್ನುವವರಿಗೆ ಮುದ್ರಕನಾಗಿ ಹೇಳುತ್ತೇನೆ. ಬಿಬ್ಬಿನ ಹಿಂಬದಿಯಲ್ಲಿ ರಕ್ತದ ಗುಂಪು, ಮನೆಯವರ ಫೋನು ಬರೆಯಲು ಇಂಗ್ಲಿಷಲ್ಲಿ ಅಚ್ಚಾಗಿಯೇ ಇರುತ್ತದೆ. ಅದರ ಕೆಳಗೆ ನಾಲ್ಕು ಸಾಲು ಕನ್ನಡ ಸೇರಿಸಿದರೆ ಹಾಳೆ ಹೆಚ್ಚು ಬೇಡ, ಕೆಲಸವೂ ಹೆಚ್ಚು ಬೇಡ. ಕಪ್ಪು ಮಸಿ ಕನ್ನಡಕ್ಕೆ ಬೇರೆ ರೇಟು ಹಾಕುವುದಿಲ್ಲ! ಅಕ್ಷರ ಸಿಗಲ್ಲ ಅನ್ನುವ ಕಾಲವೂ ಹೋಯಿತು. ನುಡಿ, ಬರಹ ಬಂದು ಎಷ್ಟು ಕಾಲವಾಯಿತು, ಈಗ ಯೂನಿಕೋಡ್ ಎಲ್ಲರ ಮೊಬೈಲಿನಲ್ಲೂ ಇದೆ.

ನಮ್ಮದೂ ತಪ್ಪಿದೆ. ನನ್ನ ಪ್ರೆಸ್ಸಿಗೇ ಚನ್ನಪಟ್ಟಣದ ಹಳ್ಳಿಯ ರೈತ ಬಂದು ಮಗನ ಲಗ್ನಪತ್ರಿಕೆ ಇಂಗ್ಲಿಷಲ್ಲೇ ಇರಲಿ ಅನ್ನುತ್ತಾನೆ. ನಾನೂ ಹಾಕಿಕೊಡುತ್ತೇನೆ, ಹೊಟ್ಟೆಪಾಡು. ನವೆಂಬರ್ ಒಂದಕ್ಕೆ ನಾವು ಬಾವುಟ ಹಾರಿಸುತ್ತೇವೆ, ಡಿಜೆ ಹಾಕಿ ಕುಣಿಯುತ್ತೇವೆ. ಭಾನುವಾರ ಬೆಳಗಿನ ಜಾವ ನೀರಿನ ಮೇಜಿನ ಹಿಂದೆ ನಿಲ್ಲಲು ನಮ್ಮಲ್ಲಿ ಎಷ್ಟು ಜನ ಹೆಸರು ಕೊಟ್ಟಿದ್ದೇವೆ? ಸ್ವಯಂಸೇವಕರು ಬೇಕೆಂದು ಅವರೇ ಕೇಳುತ್ತಾರೆ. ನಾವು ಹೋಗುವುದಿಲ್ಲ. ಆಮೇಲೆ ಕನ್ನಡ ಇಲ್ಲ ಎಂದು ಗೋಳಾಡುತ್ತೇವೆ.

1982ರ ಗೋಕಾಕ್ ಚಳವಳಿಯಲ್ಲಿ ರಾಜಣ್ಣ ಮುಂದೆ ನಿಂತಾಗ ನಿಮ್ಮ ಅಪ್ಪಂದಿರು ಬೀದಿಗಿಳಿದರು. 2017ರಲ್ಲಿ ಮೆಟ್ರೋ ನಿಲ್ದಾಣಗಳಿಂದ ಹಿಂದಿ ಫಲಕ ಇಳಿಸಿದವರು ನೀವೇ. 2024ರಲ್ಲಿ ಕಾನೂನು ತಿದ್ದಿ ನಾಮಫಲಕದಲ್ಲಿ 60 ಭಾಗ ಕನ್ನಡ ಇರಬೇಕು, ಅದೂ ಮೇಲುಗಡೆ ಎಂದಾಯಿತು. ಗೋಡೆಯ ಬೋರ್ಡಿಗೆ ಅಷ್ಟು ಬಡಿದಾಡಿದವರು, ಎದೆಯ ಮೇಲಿನ ಚೀಟಿಯನ್ನೂ ಕೈಯಲ್ಲಿ ಸಹಿಯಾಗುವ ಕಾಗದವನ್ನೂ ಮರೆತುಬಿಟ್ಟಿದ್ದೇವೆ.

ಹಾಗಂತ ಓಟದ ದಿನ ಹೋಗಿ ಬ್ಯಾನರ್ ಹರಿಯಬೇಡಿ. ಆವತ್ತು ಹರಿದರೆ ಏನೂ ಬದಲಾಗುವುದಿಲ್ಲ, ಬಿಬ್ ಅಚ್ಚಾಗಿ ವಾರಗಳಾಗಿರುತ್ತದೆ. ಎರಡು ತಿಂಗಳು ಮುಂಚೆ, ಹೆಸರು ನೋಂದಾಯಿಸುವಾಗಲೇ ಬರೆದು ಕೇಳಿ: ಮುಚ್ಚಳಿಕೆ ಕನ್ನಡದಲ್ಲಿ ಕೊಡಿ, ಬಿಬ್ಬಿನ ಹಿಂದೆ ಕನ್ನಡ ಹಾಕಿ, ಪ್ರತಿ ವೈದ್ಯಕೀಯ ಡೇರೆಯಲ್ಲಿ ಕನ್ನಡ ಬಲ್ಲವರೊಬ್ಬರನ್ನು ಇಡಿ. ಹಾಗೆ ಕೇಳುವಾಗಲೇ ಸ್ವಯಂಸೇವಕರಾಗಿ ನಿಮ್ಮ ಹೆಸರೂ ಕೊಡಿ.

ನನ್ನ ಓಟ ಎರಡು ಗಂಟೆ ನಲವತ್ತೊಂದು ನಿಮಿಷಕ್ಕೆ ಮುಗಿಯಿತು. ಕೊನೆಯಲ್ಲಿ ಮೀನಖಂಡ ಹಿಡಿದುಕೊಂಡು ಕುಂಟಿದೆ. ಅವ್ವ ಪದಕವನ್ನು ತಿರುಗಿಸಿ ತಿರುಗಿಸಿ ನೋಡಿ, 'ಇದ್ರಲ್ಲಿ ಏನಂತ ಬರ್ದೈತೆ?' ಅಂದಳು.

ಊರಿಗೆ ಬಂದ ವಾರವೇ ಮಗಳು ಆ ಮುಚ್ಚಳಿಕೆಯನ್ನು ಕನ್ನಡಕ್ಕೆ ತಂದಳು. ಕಾನೂನಿನ ಮಾತುಗಳನ್ನು ಪರಿಚಯದ ವಕೀಲರು ತಿದ್ದಿದರು. ಡಾಕ್ಟರು ಕೇಳಬೇಕಾದ ಎಂಟು ಪ್ರಶ್ನೆಗಳನ್ನು, ಕನ್ನಡ ಬಾರದವರೂ ಓದಿ ಹೇಳುವಂತೆ ಇಂಗ್ಲಿಷ್ ಅಕ್ಷರದಲ್ಲೂ ಕೂರಿಸಿ ಜೇಬಿಗೆ ಹಿಡಿಸುವ ಕಾರ್ಡು ಮಾಡಿದ್ದೇನೆ. ಎರಡನ್ನೂ ಐನೂರೈನೂರು ಹೊಡೆದಿಟ್ಟಿದ್ದೇನೆ. ಈ ಪತ್ರಿಕೆ ಹಂಚುವ ಗೆಳೆಯರ ಹತ್ತಿರ ಕೇಳಿ ಪಡೆಯಿರಿ. ಕಾಸು ಬೇಡ.