ಅಂಗಾತ ಬಿದ್ದ ಡ್ರೋನನ್ನು ಎಬ್ಬಿಸುವವರಾರು?

ಮೈದಾನದ ಅಂಚಿನಲ್ಲಿ ಸಾಲಾಗಿ ಮಡಚುಕುರ್ಚಿಗಳು. ಒಂದೊಂದರಲ್ಲಿ ಒಬ್ಬೊಬ್ಬ ಸ್ಪರ್ಧಿ. ಕಣ್ಣಿಗೆ ಡಬ್ಬಿಯಂಥ ದಪ್ಪ ಕನ್ನಡಕ, ಕೈಯಲ್ಲಿ ಎರಡು ಕಡ್ಡಿಗಳ ರಿಮೋಟು. ಮೈ ಅಲುಗುವುದಿಲ್ಲ, ಹೆಬ್ಬೆರಳುಗಳಷ್ಟೇ ಮಿಡಿಯುತ್ತಿರುತ್ತವೆ. ಕೂತಿರುವುದು ಕುರ್ಚಿಯಲ್ಲಿ, ಹಾರುತ್ತಿರುವುದು ಎದುರಿನ ಬಯಲಿನಲ್ಲಿ. ಡ್ರೋನಿನ ಮೂಗಿನಲ್ಲಿರುವ ಪುಟ್ಟ ಕ್ಯಾಮೆರಾ ಕಂಡದ್ದನ್ನೆಲ್ಲ ರೇಡಿಯೊ ಮೂಲಕ ಕನ್ನಡಕಕ್ಕೆ ಕಳಿಸುತ್ತದೆ. ಗಂಟೆಗೆ ನೂರು ಕಿಲೊಮೀಟರನ್ನೂ ಮೀರಿದ ವೇಗದಲ್ಲಿ ಕಮಾನುಗಳೊಳಗೆ ನುಗ್ಗುವಾಗ ಒಂದು ಡ್ರೋನು ಕಂಬಕ್ಕೆ ತಾಗುತ್ತದೆ. ಕನ್ನಡಕದೊಳಗೆ ಲೋಕ ಎರಡು ಗಿರಕಿ ಹೊಡೆದು ನಿಲ್ಲುತ್ತದೆ. ಮೇಲೆ ಹುಲ್ಲು, ಕೆಳಗೆ ಆಕಾಶ.

ಯಂತ್ರ ಮುರಿದಿಲ್ಲ. ರೆಕ್ಕೆ ನೆಟ್ಟಗಿದೆ, ಬ್ಯಾಟರಿಯಲ್ಲಿ ಶಕ್ತಿಯಿದೆ, ಚಿತ್ರವೂ ಬರುತ್ತಿದೆ. ಆದರೆ ಅಂಗಾತ ಬಿದ್ದಿದೆ. ಎದ್ದು ಹೋಗಿ ಮಗುಚಿಟ್ಟು ಬರಲು ಅರ್ಧ ನಿಮಿಷ ಸಾಕು, ಆದರೆ ಉಳಿದವರ ಡ್ರೋನುಗಳು ಇನ್ನೂ ಸುತ್ತುತ್ತಿವೆ. ಅರ್ಧ ಕಿಲೊಗಿಂತ ಹೆಚ್ಚು ತೂಗುವ, ನಾಲ್ಕು ಬ್ಲೇಡುಗಳನ್ನು ತಿರುಗಿಸುತ್ತ ಬರುವ ವಸ್ತುವಿನ ಎದುರು ಯಾರೂ ನಡೆಯಕೂಡದು. ಹಾಗಾಗಿ ಒಂದು ಕಾಲದಲ್ಲಿ ಅಂಗಾತ ಬಿದ್ದವನ ಓಟ ಅಲ್ಲಿಗೇ ಮುಗಿಯುತ್ತಿತ್ತು. 2016ರ ಮಾರ್ಚಿನಲ್ಲಿ ದುಬೈನಲ್ಲಿ ನಡೆದ ದೊಡ್ಡ ಸ್ಪರ್ಧೆಯಲ್ಲಿ ಲ್ಯೂಕ್ ಬ್ಯಾನಿಸ್ಟರ್ ಎಂಬ ಹದಿನೈದರ ಬ್ರಿಟಿಷ್ ಹುಡುಗನ ತಂಡ ಗೆದ್ದದ್ದು ಎರಡೂವರೆ ಲಕ್ಷ ಡಾಲರು. ಅಷ್ಟು ಹಣ ಮೈದಾನದಲ್ಲಿದ್ದಾಗಲೂ, ಹುಲ್ಲಿನ ಮೇಲೆ ಬೆನ್ನಡಿಯಾದ ಯಂತ್ರವನ್ನು ಎಬ್ಬಿಸುವ ಸುಲಭದ ಉಪಾಯ ಯಾರ ಕೈಯಲ್ಲೂ ಇರಲಿಲ್ಲ.

ಮೋಟಾರು ಜೋರಾಗಿ ತಿರುಗಿಸಿದರೆ ಏಳಬಾರದೇ ಎಂದು ಕೇಳಬಹುದು. ಏಳುವುದಿಲ್ಲ, ಇನ್ನಷ್ಟು ಹೂತುಕೊಳ್ಳುತ್ತದೆ. ಡ್ರೋನಿನ ರೆಕ್ಕೆಗಳು ಗಾಳಿಯನ್ನು ಹೊಟ್ಟೆಯ ಕಡೆಗೆ ನೂಕಿ ಬೆನ್ನಿನ ಕಡೆಗೆ ಏರುತ್ತವೆ. ಬೆನ್ನೇ ನೆಲಕ್ಕೆ ಅಂಟಿದಾಗ ಏರಿಕೆಯೆಂದರೆ ನೆಲವನ್ನು ಒತ್ತುವುದು ಅಷ್ಟೇ. ಏಳಬೇಕಾದರೆ ರೆಕ್ಕೆ ಹಿಂದುಮುಂದಾಗಿ ತಿರುಗಬೇಕು.

ಹಿಂದುಮುಂದಾಗಿ ತಿರುಗಿಸುವುದು ಹೊಸ ವಿದ್ಯೆಯೇನಲ್ಲ. ಈ ಮೋಟಾರುಗಳಿಗೆ ಮೂರು ತಂತಿ. ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸುತ್ತುವ ದಿಕ್ಕು ಬದಲಾಗುತ್ತದೆ. ಮನೆಯಲ್ಲಿ ಡ್ರೋನು ಜೋಡಿಸುವವರು ಬೆಸುಗೆ ಕಡ್ಡಿ ಹಿಡಿದು ಇದನ್ನು ಮಾಡುತ್ತಲೇ ಇದ್ದರು. ಆದರೆ ಮೈದಾನದ ನಡುವೆ ಬಿದ್ದ ಯಂತ್ರಕ್ಕೆ ಬೆಸುಗೆ ಹಾಕುವವರಾರು? ತೊಡಕು ಇದ್ದದ್ದು ಮಾತಿನಲ್ಲಿ. ಡ್ರೋನಿನ ಮಿದುಳಾದ ಫ್ಲೈಟ್ ಕಂಟ್ರೋಲರಿಗೂ, ಮೋಟಾರನ್ನು ನಡೆಸುವ ಇ.ಎಸ್.ಸಿ. ಎಂಬ ಬಿಲ್ಲೆಗೂ ನಡುವೆ ಇದ್ದದ್ದು ತೀರಾ ಬಡವಾದ ಭಾಷೆ. ಮಿಡಿತದ ಉದ್ದ 1000 ಮೈಕ್ರೊಸೆಕೆಂಡಾದರೆ ‘ನಿಲ್ಲು’, 2000 ಆದರೆ ‘ಪೂರ್ತಿ ಓಡು’, ನಡುವಿನದ್ದು ನಡುವೆ. ‘ಎಷ್ಟು’ ಎನ್ನಲು ಬರುತ್ತಿತ್ತು, ‘ಯಾವ ಕಡೆಗೆ’ ಎನ್ನಲು ಪದವೇ ಇರಲಿಲ್ಲ. ಅರ್ಧ ಅಳತೆಯನ್ನು ಹಿಮ್ಮುಖಕ್ಕೆ, ಅರ್ಧವನ್ನು ಮುಮ್ಮುಖಕ್ಕೆ ಹಂಚಿಕೊಂಡವರೂ ಇದ್ದರು. ಅದು ಆಕಾಶದಲ್ಲಿ ಲಾಗ ಹಾಕುವವರಿಗೆ ಸರಿ, ವೇಗದ ಸೂಕ್ಷ್ಮ ಬೇಕಾದ ಪಂದ್ಯದವರಿಗೆ ನಷ್ಟ.

ಆಮೇಲೆ ಬಂದದ್ದು ಡಿಶಾಟ್. ಇದರಲ್ಲಿ ಮಿಡಿತದ ಉದ್ದ ಅಳೆಯುವ ಗೋಜಿಲ್ಲ. ಹದಿನಾರು ಬಿಟ್‌ಗಳ ಒಂದು ಪುಟ್ಟ ತಂತಿ ಸಂದೇಶ ಸೆಕೆಂಡಿಗೆ ಸಾವಿರಾರು ಸಲ ಹೋಗುತ್ತದೆ. ಅದರಲ್ಲಿ ಹನ್ನೊಂದು ಬಿಟ್ ಒಂದು ಸಂಖ್ಯೆ, ಒಂದು ಬಿಟ್ ಮೋಟಾರಿನ ಕ್ಷೇಮ ಸಮಾಚಾರ ಕೇಳಲು, ಉಳಿದ ನಾಲ್ಕು ತಪ್ಪು ಹಿಡಿಯಲು. ಸಂಖ್ಯೆ 48ರಿಂದ 2047ರವರೆಗೆ ಇದ್ದರೆ ಅದು ವೇಗ. ಸೊನ್ನೆ ಎಂದರೆ ನಿಲ್ಲು. ನಡುವೆ ಉಳಿದ 1ರಿಂದ 47ರ ತನಕದ ಜಾಗವನ್ನು ಜಾಣರು ವೇಗಕ್ಕೆ ಬಳಸದೆ ಅಪ್ಪಣೆಗಳಿಗೆಂದು ಮೀಸಲಿಟ್ಟರು. ಮೊದಲ ಐದು ಸಂಖ್ಯೆಗಳಿಗೆ ಮೋಟಾರೇ ಕೀಚ್ ಎಂದು ಕೂಗುತ್ತದೆ. ಪೊದೆಯಲ್ಲಿ ಕಳೆದುಹೋದ ಡ್ರೋನನ್ನು ಹುಡುಕಲು ಅದು ಸಾಕು. 20 ಎಂದರೆ ಮಾಮೂಲಿ ದಿಕ್ಕು, 21 ಎಂದರೆ ಹಿಂದುಮುಂದು. ಬೆಸುಗೆ ಕಡ್ಡಿಯ ಕೆಲಸವನ್ನು ಒಂದು ಸಂಖ್ಯೆ ಮಾಡಿತು!

ಈ 21ನ್ನು ಹಿಡಿದು ಬೀಟಾಫ್ಲೈಟ್ ಎಂಬ ಉಚಿತ ಸಾಫ್ಟ್‌ವೇರಿನವರು 2017ರಲ್ಲಿ, ತಮ್ಮ 3.2ನೇ ಆವೃತ್ತಿಯಲ್ಲಿ, ಬಿದ್ದ ಡ್ರೋನು ತಾನೇ ಮಗುಚಿಕೊಳ್ಳುವ ವ್ಯವಸ್ಥೆ ತಂದರು. ಇದರ ವಂಶಾವಳಿಯೂ ಸ್ವಾರಸ್ಯದ್ದು. ಅದರ ಮುತ್ತಜ್ಜ ಎನ್ನಬಹುದಾದ ಮಲ್ಟಿವೀ ಶುರುವಾದದ್ದು ನಿಂಟೆಂಡೊ ಕಂಪೆನಿಯ ವೀಡಿಯೊ ಆಟದ ಹಿಡಿಕೆಯಿಂದ ಕಿತ್ತ ಗೈರೋ ಬಿಲ್ಲೆಯಿಂದ. ಮಗುಚುವ ವ್ಯವಸ್ಥೆಗೆ ಹಾರಾಟದವರು ಇಟ್ಟ ಹೆಸರು ‘ಟರ್ಟಲ್ ಮೋಡ್’, ಆಮೆಯ ಸ್ಥಿತಿ.

ಆಮೆಗೆ ಈ ಹೆಸರಿನಿಂದ ಸ್ವಲ್ಪ ಅನ್ಯಾಯವೇ ಆಗಿದೆ. ಚಪ್ಪಟೆ ಚಿಪ್ಪಿನ ಆಮೆಗಳು ಅಂಗಾತ ಬಿದ್ದರೆ ಕತ್ತು ಚಾಚಿ, ನೆಲಕ್ಕೆ ಊರಿ ಹೊರಳುತ್ತವೆ. ಗುಮ್ಮಟದಂಥ ಚಿಪ್ಪಿನವಕ್ಕೆ ಆ ಶ್ರಮವೂ ಕಡಿಮೆ, ಆಕಾರವೇ ಅವನ್ನು ಉರುಳಿಸುತ್ತದೆ. ಗಾಬೋರ್ ಡೊಮೊಕೊಶ್ ಮತ್ತು ಪೇಟರ್ ವಾರ್ಕೊನಿ ಎಂಬ ಹಂಗೆರಿಯ ಇಬ್ಬರು ವಿದ್ವಾಂಸರು 2006ರಲ್ಲಿ ‘ಗೊಂಬೊತ್ಸ್’ ಎಂಬ ವಿಚಿತ್ರ ಘನಾಕೃತಿಯನ್ನು ಮಾಡಿ ತೋರಿಸಿದರು. ತಂಜಾವೂರು ಗೊಂಬೆಯಂತೆ ಬುಡದಲ್ಲಿ ತೂಕ ಅಡಗಿಸಿಟ್ಟಿಲ್ಲ, ಒಳಗೆಲ್ಲ ಒಂದೇ ಸಮ. ಆದರೂ ಹೇಗೆ ಇಟ್ಟರೂ ಹೊರಳಿ ಹೊರಳಿ ಒಂದೇ ಭಂಗಿಗೆ ಬಂದು ನಿಲ್ಲುತ್ತದೆ. ಇದಕ್ಕೆ ತೀರ ಹತ್ತಿರದ ಆಕಾರ ಅವರಿಗೆ ಸಿಕ್ಕಿದ್ದು ನಮ್ಮ ನಕ್ಷತ್ರ ಆಮೆಯ ಚಿಪ್ಪಿನಲ್ಲಿ, ಕರ್ನಾಟಕದ ಒಣ ಕುರುಚಲು ಬಯಲುಗಳಲ್ಲೂ ಓಡಾಡುವ ಅದೇ ಆಮೆಯಲ್ಲಿ. ಡ್ರೋನಿಗೆ ಅಂಥ ಚಿಪ್ಪಿಲ್ಲ. ಅದು ಕತ್ತು ಊರುವ ಜಾತಿಯದು.

ಕತ್ತಿನ ಕೆಲಸ ಮಾಡುವುದು ಎರಡು ಮೋಟಾರು. ಅಂಗಾತ ಬಿದ್ದಾಗ ರಿಮೋಟಿನ ಕಡ್ಡಿಯನ್ನು ಬಲಕ್ಕೆ ವಾಲಿಸಿದರೆ ಬಲಬದಿಯ ಎರಡು ಮೋಟಾರು ಮಾತ್ರ ಹಿಂದುಮುಂದಾಗಿ ತಿರುಗುತ್ತವೆ. ಆ ಬದಿ ನೆಲ ಬಿಟ್ಟೇಳುತ್ತದೆ, ಎಡಬದಿ ಕೀಲಾಗುತ್ತದೆ, ಇಡೀ ಯಂತ್ರ ದೋಸೆಯಂತೆ ಮಗುಚಿ ಬೀಳುತ್ತದೆ. ಬಹಳಷ್ಟು ಪಂದ್ಯದ ಡ್ರೋನುಗಳಲ್ಲಿ ಬ್ಯಾಟರಿಯನ್ನು ಬೆನ್ನಿಗೇ ಕಟ್ಟಿರುವುದರಿಂದ ಅದೂ ಒಂದು ಮಣೆಯಂತೆ ಅಡಿಗೆ ಸಿಕ್ಕುತ್ತದೆ.

ಇದನ್ನು ಸಜ್ಜುಗೊಳಿಸುವ ಕೆಲಸ ದೊಡ್ಡದಲ್ಲ, ಆದರೆ ಅವಸರದವರಿಗೆ ಹೇಳಿದ್ದೂ ಅಲ್ಲ. ಮೊದಲು ರೆಕ್ಕೆ ನಾಲ್ಕನ್ನೂ ಬಿಚ್ಚಿಡಬೇಕು. ಮೇಜಿನ ಮೇಲೆ ಸ್ವಿಚ್ಚು ಒತ್ತಿ ನೋಡುವಾಗ ಬೆರಳು ಕೊಯ್ಸಿಕೊಂಡವರ ಕಥೆಗಳು ಈ ಹವ್ಯಾಸದಲ್ಲಿ ಬೇಕಾದಷ್ಟು. ಕಂಪ್ಯೂಟರಿಗೆ ಜೋಡಿಸಿ, ಮೋಟಾರಿನ ಭಾಷೆ ಡಿಶಾಟ್ ಎಂದೇ ಇದೆಯೇ ನೋಡಿಕೊಳ್ಳಬೇಕು. ಹಳೆಯ ಮಿಡಿತದ ಭಾಷೆಯಾದರೆ ಈ ಅಪ್ಪಣೆ ತಲುಪುವುದೇ ಇಲ್ಲ. ಇ.ಎಸ್.ಸಿ.ಯ ಒಳಗಿನ ಸಾಫ್ಟ್‌ವೇರಿಗೂ ಆ ಅಪ್ಪಣೆ ಅರ್ಥವಾಗಬೇಕು. ಆಮೇಲೆ ರಿಮೋಟಿನ ಒಂದು ಸ್ವಿಚ್ಚನ್ನು ಈ ಕೆಲಸಕ್ಕೇ ಗೊತ್ತುಮಾಡುವುದು. ಹಾರುವಾಗ ಬೆರಳು ಅಕಸ್ಮಾತ್ ತಾಗದಂಥದ್ದಾದರೆ ಮೇಲು. ಮೋಟಾರು ಚಾಲೂ ಮಾಡುವ ಸ್ವಿಚ್ಚು ಇದಲ್ಲದೆ ಬೇರೆ.

ಹೊಸಬರು ಎಡವುವುದು ಇನ್ನು ಮುಂದೆ. ಬಿದ್ದ ಕೂಡಲೆ ಮಗುಚುವ ಸ್ವಿಚ್ಚು ಒತ್ತಿ, ಏನೂ ಆಗಲಿಲ್ಲವೆಂದು ಗೊಣಗುತ್ತಾರೆ. ಮೋಟಾರು ಮೊದಲು ಪೂರ್ತಿ ಆರಬೇಕು, ಏಕೆಂದರೆ ತಿರುಗುತ್ತಿರುವ ಮೋಟಾರು ದಿಕ್ಕು ಬದಲಿಸುವ ಅಪ್ಪಣೆಯನ್ನು ಕೇಳಿಸಿಕೊಳ್ಳುವುದಿಲ್ಲ. ಆರಿಸು, ಮಗುಚುವ ಸ್ವಿಚ್ಚು ಹಾಕು, ಮತ್ತೆ ಚಾಲೂ ಮಾಡು, ಕಡ್ಡಿ ಮಿಡಿ. ಯಂತ್ರ ನೆಟ್ಟಗಾದ ಮೇಲೆ ಇದೇ ಕ್ರಮ ಹಿಂದಕ್ಕೆ: ಆರಿಸು, ಮಗುಚುವ ಸ್ವಿಚ್ಚು ತೆಗೆ, ಚಾಲೂ ಮಾಡು, ಹಾರು. ಸಾಮಾನ್ಯವಾಗಿ ಹೆಚ್ಚು ವಾಲಿರುವ ಡ್ರೋನು ಚಾಲೂ ಆಗಲು ಒಪ್ಪುವುದಿಲ್ಲ, ಈ ಸ್ವಿಚ್ಚು ಹಾಕಿದ್ದಾಗ ಮಾತ್ರ ಆ ಕಟ್ಟಳೆಗೆ ವಿನಾಯಿತಿ. ಗಾಬರಿಯಲ್ಲಿ ವೇಗದ ಕಡ್ಡಿಯನ್ನು ಮೇಲೆತ್ತುವವರು ಬಹಳ. ಮಗುಚುವಾಗ ಆ ಕಡ್ಡಿಗೆ ಕೆಲಸವೇ ಇಲ್ಲ. ಎತ್ತಿದ್ದು ಹಾಗೆಯೇ ಉಳಿದರೆ ಮುಂದಿನ ಸಲ ಡ್ರೋನು ಚಾಲೂ ಆಗಲೂ ಒಲ್ಲೆನ್ನುತ್ತದೆ. ಇಷ್ಟನ್ನೂ ರೆಕ್ಕೆಯಿಲ್ಲದ ಡ್ರೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಹತ್ತು ಸಲ ಮಾಡಿದವನಿಗೆ ಮೈದಾನದಲ್ಲಿ ಕೈ ತಾನಾಗಿ ಓಡುತ್ತದೆ. ವಾಲಿಸಿದ ಬದಿಯ ಮೋಟಾರೇ ತಿರುಗುತ್ತಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಆದರೆ ಸಜ್ಜು ಮಾಡಿಕೊಟ್ಟವರು ಹೇಳಲು ಮರೆಯುವ ಮಾತೊಂದಿದೆ. ರೆಕ್ಕೆಯ ಬಾಗು, ಅಂಚು ಎಲ್ಲವನ್ನೂ ರೂಪಿಸಿರುವುದು ಮುಮ್ಮುಖ ತಿರುಗಲು. ಹಿಂದುಮುಂದಾದಾಗ ಅದು ಗಾಳಿಯನ್ನು ಅರೆಮನಸ್ಸಿನಿಂದ ನೂಕುತ್ತದೆ, ಅದೇ ಬಲಕ್ಕೆ ಹೆಚ್ಚು ವೇಗ ಬೇಕಾಗುತ್ತದೆ. ಅಡಿಯಲ್ಲಿ ಎತ್ತರದ ಹುಲ್ಲಿದ್ದರೆ ಗರಿಕೆ ಮೋಟಾರಿನ ಕತ್ತಿಗೆ ಸುತ್ತಿಕೊಳ್ಳುತ್ತದೆ. ತಿರುಗಲಾರದ ಮೋಟಾರು ಸುಮ್ಮನಿರುವುದಿಲ್ಲ, ವಿದ್ಯುತ್ತನ್ನು ಗಟಗಟ ಕುಡಿಯುತ್ತದೆ. ಕುಡಿದದ್ದೆಲ್ಲ ಶಾಖವಾಗಿ ತಂತಿಯ ಮೇಲಿನ ಅರಗು ಸುಡುತ್ತದೆ, ಇಲ್ಲವೇ ಇ.ಎಸ್.ಸಿ.ಯ ಟ್ರಾನ್ಸಿಸ್ಟರು ಹೊಗೆಯಾಗುತ್ತದೆ. ಬಿದ್ದಾಗ ಒಂದು ರೆಕ್ಕೆಯೂ ಮುರಿಯದ ಡ್ರೋನು ಏಳುವ ಹಟದಲ್ಲಿ ಸುಟ್ಟುಹೋದದ್ದುಂಟು. ಅನುಭವಸ್ಥರು ಕಡ್ಡಿಯನ್ನು ಒತ್ತಿ ಹಿಡಿಯುವುದಿಲ್ಲ. ಒಮ್ಮೆ ಮಿಡಿಯುತ್ತಾರೆ, ಕನ್ನಡಕದಲ್ಲಿ ಹುಲ್ಲು ಕದಲಿತೇ ನೋಡುತ್ತಾರೆ. ಕದಲದಿದ್ದರೆ ಇನ್ನೊಂದು ಬದಿಗೆ ಪ್ರಯತ್ನ. ಅದೂ ಆಗದಿದ್ದರೆ ಹೆಬ್ಬೆರಳು ಎತ್ತಿಬಿಡುತ್ತಾರೆ.

ಕಂಬಕ್ಕೆ ಡಿಕ್ಕಿ ಹೊಡೆದ ನಮ್ಮ ಸ್ಪರ್ಧಿ ಬಲಕ್ಕೆ ಒಮ್ಮೆ ಮಿಡಿದಾಗ ಚಿತ್ರ ನಡುಗಿ ಸುಮ್ಮನಾಗುತ್ತದೆ. ಎಡಕ್ಕೆ ಮಿಡಿದರೆ ದಿಗಂತ ಅರ್ಧ ವಾಲಿ ಮತ್ತೆ ಮಲಗುತ್ತದೆ. ಇನ್ನೊಂದು ಸುತ್ತು ಬಾಕಿಯಿದೆ. ಮೂರನೆಯ ಸಲ ಮಿಡಿದಾಗ ಮೋಟಾರು ಬರಿದೇ ಗುಂಯ್‌ಗುಡುತ್ತದೆ. ಅವನು ಸ್ವಿಚ್ಚು ಆರಿಸಿ, ಕನ್ನಡಕ ಹಣೆಗೇರಿಸಿ, ಉಳಿದವರು ಇಳಿಯುವ ತನಕ ಕುರ್ಚಿಯಲ್ಲೇ ಕಾಯುತ್ತಾನೆ. ಆಮೇಲೆ ನಡೆದು ಹೋಗಿ, ಇನ್ನೂ ಬೆಚ್ಚಗಿರುವ ಮೋಟಾರಿನ ಸಂದಿಯಿಂದ ಗರಿಕೆಯ ಎಳೆಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸುತ್ತಾನೆ.