ಬಳ್ಳಿಗಾವಿಯ ಬೌದ್ಧ ವಿಹಾರ: ದತ್ತಿಯ ಸಾಲುಗಳು ಹೇಳುವ ಚರಿತ್ರೆ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಬೌದ್ಧಧರ್ಮಕ್ಕೆ ದೊರೆತಿರುವ ಸ್ಥಾನ ಅತ್ಯಲ್ಪ. ಹಳಗನ್ನಡದ ಬೌದ್ಧ ಕಾವ್ಯಗಳು ಉಪಲಬ್ಧವಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ. ಆದರೆ ಕೃತಿಗಳ ಅಭಾವವನ್ನು ಸಮುದಾಯದ ಅಭಾವವೆಂದು ಗ್ರಹಿಸುವುದು ಸಾಧುವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನವೊಂದು ಈ ಗ್ರಹಿಕೆಯನ್ನು ಮರುಪರಿಶೀಲಿಸುವಂತೆ ಒತ್ತಾಯಿಸುತ್ತದೆ.

ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಈ ಊರಿನಲ್ಲಿ ಕ್ರಿ.ಶ. 1065ರಲ್ಲಿ, ಚಾಳುಕ್ಯ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ದಂಡನಾಯಕ ರೂಪಭಟ್ಟಯ್ಯನು ಜಯಂತಿ ಪ್ರಬೌದ್ಧ ವಿಹಾರವನ್ನು ಕಟ್ಟಿಸಿದನು. ತಾರಾಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವರ ಪೂಜೆಗೂ ಯೋಗಿನಿಯರು, ಸನ್ಯಾಸಿಗಳು ಮೊದಲಾದವರ ಅನ್ನದಾನಕ್ಕೂ ಭೂಮಿಯನ್ನು ಬಿಡಲಾಯಿತು.

ಇಲ್ಲಿ ಮೂರು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಸ್ಥಾಪಕನು ಅರಸನಲ್ಲ, ಅಧಿಕಾರಿವರ್ಗದ ಪ್ರಮುಖ. ಧರ್ಮಗಳ ಏಳುಬೀಳುಗಳನ್ನು ರಾಜಾಶ್ರಯವೊಂದರಿಂದಲೇ ವಿವರಿಸುವ ಪದ್ಧತಿ ಇಲ್ಲಿ ಸಾಲದು. ಎರಡನೆಯದಾಗಿ, ತಾರೆಯ ಜೊತೆಯಲ್ಲಿ ಕೇಶವನೂ ಪೂಜೆಗೊಳ್ಳುತ್ತಾನೆ. ಹೀಗಿರುವಾಗ ವಿಹಾರ ಕಟ್ಟಿಸಿದವನನ್ನು ಬೌದ್ಧನೆಂದೋ ವೈದಿಕನೆಂದೋ ವಿಂಗಡಿಸುವುದು ಇಂದಿನ ಗೆರೆಗಳನ್ನು ಅಂದಿನ ಸಮಾಜದ ಮೇಲೆ ಎಳೆದಂತೆ. ಮೂರನೆಯದಾಗಿ, ಅನ್ನದಾನಕ್ಕೆ ಭೂಮಿ ಬಿಟ್ಟಿರುವುದರಿಂದ ಅಲ್ಲಿ ಉಣ್ಣುವವರಿದ್ದರು. ವಿಹಾರವು ಕೇವಲ ಗುಡಿಯಾಗಿರದೆ ಜೀವಂತ ಸಂಸ್ಥೆಯಾಗಿತ್ತು.

ಇದು ಒಬ್ಬ ಅಧಿಕಾರಿಯ ವೈಯಕ್ತಿಕ ಶ್ರದ್ಧೆಯ ಬಿಡಿ ನಿದರ್ಶನವೆಂಬ ಆಕ್ಷೇಪ ಬರಬಹುದು. ಆದರೆ ಮೂವತ್ತು ವರ್ಷಗಳ ಬಳಿಕ, 1095ರಲ್ಲಿ, ಗದಗ ಪ್ರದೇಶದ ಡಂಬಳದ ಶಾಸನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನು ದಾಖಲಿಸುತ್ತದೆ. ಬಳ್ಳಿಗಾವಿಯ ಮತ್ತೊಂದು ಶಾಸನವು ಹರಿ, ಹರ, ಕಮಲಾಸನ, ವೀತರಾಗ, ಬೌದ್ಧ ಎಂದು ಊರಿನ ಪಂಚಮಠಗಳನ್ನು ಹೆಸರಿಸುತ್ತದೆ. ಅದೇ ಊರಿನ ಕಾಳಾಮುಖರ ಕೋಡಿಯ ಮಠದಲ್ಲಿ ಬೌದ್ಧ ದರ್ಶನದ ಅಧ್ಯಯನವೂ ನಡೆಯುತ್ತಿತ್ತೆಂಬುದು 1162ರ ಶಾಸನದಿಂದ ತಿಳಿದುಬರುತ್ತದೆ. ಅಧಿಕಾರಿ, ವರ್ತಕ, ಶೈವ ಗುರು ಹೀಗೆ ಮೂರು ವಲಯಗಳಲ್ಲಿ ಬೌದ್ಧ ಚಿಂತನೆಯ ಹೆಜ್ಜೆಗಳು ಕಾಣುತ್ತವೆ.

ಸ್ನಾತಕೋತ್ತರ ತರಗತಿಗಳಲ್ಲಿ ಶಾಸನಗಳನ್ನು ಬಹುಮಟ್ಟಿಗೆ ಕಾವ್ಯಗುಣಕ್ಕಾಗಿಯೇ ಓದಿಸಲಾಗುತ್ತದೆ. ಪ್ರಶಸ್ತಿಯ ವೃತ್ತ ಕಂದಗಳಿಗೆ ವಿಸ್ತಾರವಾದ ವ್ಯಾಖ್ಯಾನ ದೊರೆಯುತ್ತದೆ. ದತ್ತಿಯ ಗದ್ಯಕ್ಕೆ ಬಂದೊಡನೆ ಪಾಠ ಮುಗಿಯುತ್ತದೆ. ಪ್ರಶಸ್ತಿ ಹೇಳುವುದು ದಾನಿಯ ಕೀರ್ತಿಯನ್ನು. ಯಾರಿಗೆ ಅನ್ನ, ಯಾವ ದೇವರಿಗೆ ಪೂಜೆ, ಯಾವ ಭೂಮಿಯ ಹುಟ್ಟುವಳಿಯಿಂದ ಎಂಬುದನ್ನು ಹೇಳುವುದು ದತ್ತಿಯ ಭಾಗ. ಕಾವ್ಯ ಬರೆಯಿಸಿಕೊಳ್ಳದ, ಅಥವಾ ಬರೆದದ್ದು ಉಳಿಯದ ಸಮುದಾಯಗಳಿಗೆ ಕನ್ನಡದಲ್ಲಿರುವ ಚರಿತ್ರೆ ಬಹುಪಾಲು ಈ ಗದ್ಯವೇ. ಅದನ್ನು ಪಠ್ಯದ ಮುಖ್ಯ ಭಾಗವಾಗಿ ಬೋಧಿಸಿದಲ್ಲಿ ಸಾಹಿತ್ಯ ಚರಿತ್ರೆಯ ಮೌನಗಳಲ್ಲಿ ಕೆಲವಾದರೂ ಮಾತಾಡಿಯಾವು.